ಬಸ್ ನಿಲ್ದಾಣ ಬದಲಾದರೆ ಪೇಟೆ ಕೆಲಸ ಒಂದೇ ದಿನದಲ್ಲಿ ಮುಗಿದೀತೇ?



ಕಾಫಿ ಕೊಯ್ಲು ಮುಗಿದು, ಅಡಿಕೆ ಸುಲಿದು ಮಂಡಿಗೆ ಹಾಕಿ, ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲಕ್ಕೆ ನಮ್ಮಲ್ಲಿ ಅನೇಕರಿಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ನೆನಪಾಗುತ್ತದೆ. ಹೊಸ ಸಾಲಿಗೆ ಚೆಕ್‌ರೋಲ್ ಪುಸ್ತಕ ಬೇಕು, ರೋಕಡ ಪುಸ್ತಕ ಬೇಕು. ಕಾಲೇಜಿಗೆ ಹೋಗುವ ಮಕ್ಕಳಿಗೆ ಪಠ್ಯಪುಸ್ತಕ ಹಳೆಯದಾದರೂ ಸರಿ, ಅರ್ಧ ಬೆಲೆಗೆ ಸಿಕ್ಕರೆ ಅಷ್ಟೇ ಉಳಿತಾಯ. ಮನೆಯಲ್ಲಿ ಮದುವೆ ಗೊತ್ತಾಗಿದ್ದರೆ ಚಿಕ್ಕಪೇಟೆಯ ಜವಳಿ, ರಾಜಾ ಮಾರ್ಕೆಟ್ಟಿನ ಬೆಳ್ಳಿ ಸಾಮಾನು. ಪಂಪು, ಮೋಟಾರಿನ ಬಿಡಿಭಾಗಕ್ಕೆ ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಎಸ್.ಪಿ. ರಸ್ತೆ. ಹಿಂದೆ ದೊಡ್ಡಪೇಟೆ ಎಂದು ಕರೆಯುತ್ತಿದ್ದ ಈ ರಸ್ತೆ ಮೈಸೂರು ಬ್ಯಾಂಕ್ ವೃತ್ತದಿಂದ ಕೃಷ್ಣರಾಜೇಂದ್ರ ಮಾರುಕಟ್ಟೆಯವರೆಗೆ ಹೋಗುತ್ತದೆ.

ಈ ಕೆಲಸಕ್ಕೆ ನಮ್ಮವರು ಮಾಡಿಕೊಂಡ ಕ್ರಮವೊಂದಿದೆ. ರಾತ್ರಿ ಊಟ ಮಾಡಿ ಬಸ್ಸು ಹತ್ತುವುದು, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುವುದು, ಮುಖ ತೊಳೆದು ಕಾಫಿ ಕುಡಿದು ಅಂಗಡಿ ತೆರೆಯುವ ಹೊತ್ತಿಗೆ ಕೆಂಪೇಗೌಡ ರಸ್ತೆಯಲ್ಲಿ ನಡೆದುಕೊಂಡೇ ಅವೆನ್ಯೂ ರಸ್ತೆ ಸೇರುವುದು, ಸಂಜೆ ಗಂಟುಮೂಟೆ ಹೊತ್ತು ಮತ್ತೆ ರಾತ್ರಿ ಬಸ್ಸಿಗೆ ಬರುವುದು. ಲಾಡ್ಜಿನ ಖರ್ಚಿಲ್ಲ, ತೋಟದ ಕೆಲಸ ಒಂದೇ ದಿನ ತಪ್ಪುತ್ತದೆ. ಎರಡು ಮೂರು ಎಕರೆಯ ಬೆಳೆಗಾರನಿಗೆ ಇದು ಸಣ್ಣ ಮಾತಲ್ಲ. ಬಸ್ಸು ನಿಲ್ಲುವ ಜಾಗ ಪೇಟೆಗೆ ಹತ್ತಿರವಿರುವುದರಿಂದಲೇ ಈ ಕ್ರಮ ನಡೆದುಬಂದಿದೆ. ಈಗ ಆ ಜಾಗದ ವಿಷಯದಲ್ಲಿಯೇ ಬದಲಾವಣೆಯ ಸೂಚನೆ ಇರುವುದರಿಂದ ಈ ಲೇಖನ ಬರೆಯಬೇಕಾಗಿದೆ.

ಬದಲಾವಣೆಯ ಮೂಲ

ಮೆಜೆಸ್ಟಿಕ್‌ನ ಕೆಂಪೇಗೌಡ ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಒಂದು ಕಾಲಕ್ಕೆ ಪೇಟೆಗೆ ನೀರು ಕೊಟ್ಟ ಕೆರೆ ಬತ್ತಿದ ಮೇಲೆ ಆ ಬಯಲು ಊರಿಗೆಲ್ಲ ಬಸ್ಸು ಕೊಡುವ ಜಾಗವಾಯಿತು. 2025ರ ಮಾರ್ಚಿಯಲ್ಲಿ ಮಂಡಿಸಿದ 2025–26ನೇ ಸಾಲಿನ ರಾಜ್ಯ ಆಯವ್ಯಯದಲ್ಲಿ, ಈ ನಿಲ್ದಾಣವನ್ನು ಖಾಸಗಿ ಸಹಭಾಗಿತ್ವದಲ್ಲಿ ಹೊಸ ಮಾದರಿಯ ಸಾರಿಗೆ ಕೇಂದ್ರವಾಗಿ ಅಭಿವೃದ್ಧಿಪಡಿಸುವುದಾಗಿ ಸರ್ಕಾರ ಪ್ರಕಟಿಸಿತು.

ಇಷ್ಟು ದೊಡ್ಡ ನಿಲ್ದಾಣವನ್ನು ಕೆಡವಿ ಕಟ್ಟುವುದು ಒಂದು ಬೇಸಿಗೆಯಲ್ಲಿ ಮುಗಿಯುವ ಕೆಲಸವಲ್ಲ. ಕಟ್ಟುವಷ್ಟು ಕಾಲ ಬಸ್ಸುಗಳು ಬೇರೆಲ್ಲಾದರೂ ನಿಲ್ಲಲೇಬೇಕು. ಊರ ಹೊರಗಿನ ನಿಲ್ದಾಣಗಳ ಮಾತು ಬರುವುದು ಆಗ. ಮೈಸೂರು, ಮಡಿಕೇರಿ ಕಡೆಯ ಬಸ್ಸುಗಳಲ್ಲಿ ಬಹುಪಾಲು ಈಗಾಗಲೇ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುತ್ತವೆ. ಕೊಡಗಿನ ಸದಸ್ಯರಿಗೆ ಇದು ಹಳೆಯ ಅನುಭವ. ಹಾಸನ, ಸಕಲೇಶಪುರ, ಚಿಕ್ಕಮಗಳೂರು, ಶಿವಮೊಗ್ಗ, ಸಾಗರದ ಕಡೆಯವರಿಗೆ ಮಾತ್ರ ಇದು ಹೊಸದು.

ಪೀಣ್ಯದಿಂದ ಕಲಿಯಬೇಕಾದ ಪಾಠ

ಇಂತಹ ಪ್ರಯತ್ನ ಹಿಂದೊಮ್ಮೆ ನಡೆದಿದೆ. ತುಮಕೂರು ರಸ್ತೆಯ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣ 2014ರಲ್ಲಿ ಪ್ರಾರಂಭವಾಯಿತು. ಆ ದಿಕ್ಕಿನ ಜಿಲ್ಲೆಗಳ ಬಸ್ಸುಗಳನ್ನು ಅಲ್ಲಿಂದ ನಡೆಸಿ ಮೆಜೆಸ್ಟಿಕ್‌ನ ದಟ್ಟಣೆ ಇಳಿಸಬೇಕೆಂಬುದು ಉದ್ದೇಶ. ಪ್ರಯಾಣಿಕರು ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಸ್ವಲ್ಪ ಕಾಲದಲ್ಲೇ ಬಸ್ಸುಗಳು ಮೆಜೆಸ್ಟಿಕ್‌ಗೆ ಮರಳಿದವು, ಕಟ್ಟಡ ಬಳಕೆಯಿಲ್ಲದೆ ಉಳಿಯಿತು.

ಜನ ಒಪ್ಪದಿದ್ದುದಕ್ಕೆ ಕಾರಣ ಸ್ಪಷ್ಟವಾಗಿದೆ. ಪೀಣ್ಯದ ಕಡೆಯಿಂದ ಮೆಟ್ರೋ ರೈಲು 2014ರ ಮಾರ್ಚಿಯಲ್ಲಿ ಶುರುವಾದರೂ ಅದು ಓಡುತ್ತಿದ್ದುದು ಮಲ್ಲೇಶ್ವರದ ಸಂಪಿಗೆ ರಸ್ತೆಯವರೆಗೆ ಮಾತ್ರ. ಅಲ್ಲಿಂದ ಮೆಜೆಸ್ಟಿಕ್, ಚಿಕ್ಕಪೇಟೆಗೆ ನೆಲದಡಿಯ ಮಾರ್ಗ ತೆರೆದದ್ದು 2017ರ ಜೂನ್‌ನಲ್ಲಿ. ಅಂದರೆ ಪೀಣ್ಯದಲ್ಲಿ ಇಳಿದವನು ನಡುವೆ ಎರಡು ಬಾರಿ ವಾಹನ ಬದಲಿಸಬೇಕಿತ್ತು, ಇಲ್ಲವೇ ಬೆಳಗಿನ ಜಾವ ಆಟೋದವರು ಹೇಳಿದ ದರ ತೆರಬೇಕಿತ್ತು. ನಿಲ್ದಾಣ ಮೊದಲು ಬಂತು, ಅಲ್ಲಿಂದ ಪೇಟೆಗೆ ಹೋಗುವ ದಾರಿ ಆಮೇಲೆ ಬಂತು. ಮುಂದಿನ ಯಾವ ಬದಲಾವಣೆಯಲ್ಲೂ ಮೊದಲು ನೋಡಬೇಕಾದದ್ದು ಇದನ್ನೇ.

ಇಂದು ಪರಿಸ್ಥಿತಿ ಸುಧಾರಿಸಿದೆ ಎಂಬುದನ್ನೂ ಹೇಳಬೇಕು. ಮೆಟ್ರೋದ ಹಸಿರು ಮಾರ್ಗ 2024ರ ನವೆಂಬರಿನಿಂದ ತುಮಕೂರು ರಸ್ತೆಯ ಮಾದಾವರದವರೆಗೆ ಓಡುತ್ತಿದೆ. ಅದೇ ಗಾಡಿ ಗೊರಗುಂಟೆಪಾಳ್ಯ, ಯಶವಂತಪುರ, ಮೆಜೆಸ್ಟಿಕ್ ದಾಟಿ ಚಿಕ್ಕಪೇಟೆಗೂ ಅದರ ಮುಂದಿನ ಮಾರುಕಟ್ಟೆ ನಿಲ್ದಾಣಕ್ಕೂ ಹೋಗುತ್ತದೆ. ಚಿಕ್ಕಪೇಟೆ ನಿಲ್ದಾಣದಿಂದ ಅವೆನ್ಯೂ ರಸ್ತೆ ಸ್ವಲ್ಪವೇ ನಡಿಗೆ.

ಯಾರು ಯಾವ ದಾರಿ ಹಿಡಿಯಬಹುದು?

ಹಾಸನ, ಚಿಕ್ಕಮಗಳೂರು, ಶಿವಮೊಗ್ಗದ ಕಡೆಯ ಬಸ್ಸುಗಳು ಬೆಂಗಳೂರು ಹೊಗುವುದು ನೆಲಮಂಗಲದ ಮೇಲೆ, ತುಮಕೂರು ರಸ್ತೆಯಲ್ಲಿ. ಈ ಕಡೆಯವರು ನಿಲ್ದಾಣ ಬದಲಾಗುವವರೆಗೂ ಕಾಯದೆ, ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹತ್ತಿ ಒಮ್ಮೆ ನೋಡಬಹುದು. ಒಂದು ಎಚ್ಚರಿಕೆ: ಪೀಣ್ಯದ ಮೇಲ್ಸೇತುವೆ ಹತ್ತಿದ ಬಸ್ಸು ಕೆಳಗಿನ ದಾಸರಹಳ್ಳಿ, ಜಾಲಹಳ್ಳಿ ಕ್ರಾಸ್‌ಗಳಲ್ಲಿ ನಿಲ್ಲುವುದಿಲ್ಲ. ಎಲ್ಲಿ ಇಳಿಯಬೇಕೆಂಬುದನ್ನು ನೆಲಮಂಗಲಕ್ಕೆ ಮೊದಲೇ ಕಂಡಕ್ಟರಿಗೆ ಹೇಳಿಡಬೇಕು.

ಮಡಿಕೇರಿ, ಮೈಸೂರಿನ ಕಡೆಯಿಂದ ಸ್ಯಾಟಲೈಟ್ ನಿಲ್ದಾಣಕ್ಕೆ ಬರುವವರು ಮಾರುಕಟ್ಟೆ ಎಂಬ ಫಲಕವಿರುವ ನಗರ ಬಸ್ಸು ಹಿಡಿದರೆ ಅವೆನ್ಯೂ ರಸ್ತೆಯ ದಕ್ಷಿಣದ ತುದಿಯಲ್ಲೇ ಇಳಿಯಬಹುದು, ಮೆಜೆಸ್ಟಿಕ್‌ಗೆ ಹೋಗಿ ಹಿಂದೆ ಬರುವ ಶ್ರಮ ತಪ್ಪುತ್ತದೆ. ಮೆಟ್ರೋದಲ್ಲಾದರೆ ದೀಪಾಂಜಲಿ ನಗರದಲ್ಲಿ ನೇರಳೆ ಮಾರ್ಗದ ಗಾಡಿ ಹತ್ತಿ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಬೇಕು. ಡಾ. ಅಂಬೇಡ್ಕರ್ ವೀಧಿಯ ಕಾಫಿ ಬೋರ್ಡಿನಲ್ಲಿ ಕೆಲಸವಿದ್ದವರು ಬದಲಿಸದೆ ಅದೇ ನೇರಳೆ ಮಾರ್ಗದಲ್ಲಿ ವಿಧಾನಸೌಧದ ನಿಲ್ದಾಣಕ್ಕೆ ಹೋಗಬಹುದು.

ಹೊತ್ತಿನ ಲೆಕ್ಕವೂ ಮುಖ್ಯ. ಮೆಟ್ರೋ ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ 5ರ ಸುಮಾರಿಗೆ ಶುರುವಾಗುತ್ತದೆ, ಭಾನುವಾರ 7ಕ್ಕೆ. ನಾಲ್ಕು ಗಂಟೆಗೆ ಇಳಿದವರು ನಿಲ್ದಾಣದಲ್ಲೇ ಕಾಯಬೇಕಾಗುತ್ತದೆ. ಭಾನುವಾರ ಸಗಟು ಅಂಗಡಿಗಳೂ ಹೆಚ್ಚಿನವು ಮುಚ್ಚಿರುವುದರಿಂದ ಆ ದಿನವನ್ನು ಬಿಡುವುದೇ ವಾಸಿ.

ಖರ್ಚು ಮತ್ತು ಹೊರೆ

ಸರ್ಕಾರಿ ಬಸ್ಸುಗಳ ದರ 2025ರ ಜನವರಿ 5ರಿಂದ ಶೇಕಡಾ 15ರಷ್ಟು ಏರಿತು. ಮರುತಿಂಗಳು ಮೆಟ್ರೋ ದರವೂ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಬಸ್ಸು ಊರ ಹೊರಗೆ ನಿಂತರೆ ಬಸ್ಸಿನ ದರದ ಮೇಲೆ ಹೋಗಿಬರುವ ಎರಡು ಮೆಟ್ರೋ ಟಿಕೇಟು ಸೇರಿತೆಂದು ತಿಳಿಯಬೇಕು. ಇಬ್ಬರು ಹೋದರೆ ನಾಲ್ಕು.

ಮನೆಯ ಹೆಣ್ಣುಮಕ್ಕಳು ಹೋಗುವಾಗ ಲೆಕ್ಕ ಬೇರೆ. 2023ರ ಜೂನ್ 11ರಿಂದ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಟಿಕೇಟಿನ ದುಡ್ಡಿಲ್ಲ. ರಾಜಹಂಸ, ಐರಾವತದಂತಹ ಸುಖಾಸನದ ಬಸ್ಸುಗಳಿಗೆ ಈ ಸವಲತ್ತು ಇಲ್ಲ. ಬೆಂಗಳೂರಿನ ಸಾಮಾನ್ಯ ನಗರ ಬಸ್ಸಿಗೆ ಉಂಟು, ಮೆಟ್ರೋಗೆ ಇಲ್ಲ. ಆದಕಾರಣ ಹೊರಗಿನ ನಿಲ್ದಾಣದಿಂದ ಮಾರುಕಟ್ಟೆಗೆ ನಗರ ಬಸ್ಸು ಇದೆಯೇ ಎಂಬುದು ಮಹಿಳೆಯರಿಗೆ ನೇರವಾಗಿ ಹಣದ ಪ್ರಶ್ನೆ. ವಾಸಸ್ಥಳ ಕರ್ನಾಟಕವೆಂದು ತೋರಿಸುವ ಗುರುತಿನ ಚೀಟಿ ಕೈಯಲ್ಲಿರಬೇಕು. ಕಾಸರಗೋಡಿನ ಕಡೆಯ ನಮ್ಮ ಬಂಧುಗಳಿಗೆ ಈ ಯೋಜನೆ ಅನ್ವಯಿಸುವುದಿಲ್ಲ.

ಇನ್ನು ಹೊರೆಯ ವಿಷಯ. ಹತ್ತು ಹನ್ನೆರಡು ಲೆಕ್ಕದ ಪುಸ್ತಕದ ಕಟ್ಟು, ಜೊತೆಗೊಂದು ಮೋಟಾರು ಎಂದರೆ ಮೆಟ್ರೋದಲ್ಲಿ ಸಾಗದು. ಅಲ್ಲಿ ಸಾಮಾನಿನ ಗಾತ್ರಕ್ಕೂ ತೂಕಕ್ಕೂ ಮಿತಿ ಇದೆ. ಭಾರದ ಸಾಮಾನು ಕೊಂಡವರು ಸಾರಿಗೆ ನಿಗಮ 2021ರಲ್ಲಿ ಆರಂಭಿಸಿದ ‘ನಮ್ಮ ಕಾರ್ಗೋ’ ಮೂಲಕ ತಮ್ಮೂರ ಕಡೆಯ ಬಸ್ ನಿಲ್ದಾಣಕ್ಕೆ ಕಳಿಸಿ, ತಾವು ಬರಿಗೈಯಲ್ಲಿ ಬರಬಹುದು. ನಾಲ್ಕಾರು ಸದಸ್ಯರ ಚೆಕ್‌ರೋಲ್ ಪುಸ್ತಕಗಳನ್ನು ಒಟ್ಟಿಗೆ ಕೊಂಡರೆ ಸಗಟು ದರವೂ ಸಿಕ್ಕೀತು, ಎಲ್ಲರೂ ಹೋಗುವುದೂ ತಪ್ಪೀತು. ಸಹಕಾರ ಎಂದರೆ ಇದೇ ತಾನೆ?

ನಾವು ಕೇಳಬೇಕಾದದ್ದು

ನಿಲ್ದಾಣ ಹೊಸದಾಗುವುದಕ್ಕೆ ನಮ್ಮ ವಿರೋಧವಿಲ್ಲ. ಈಗಿನ ನೂಕುನುಗ್ಗಲಿನಲ್ಲಿ ವಯಸ್ಸಾದವರು ಪಡುವ ಪಾಡು ನಮಗೆ ಗೊತ್ತಿದೆ. ಆದರೆ ಬಸ್ಸುಗಳನ್ನು ಎಲ್ಲಿಗೆ ಕಳಿಸಬೇಕೆಂದು ತೀರ್ಮಾನಿಸುವಾಗ ಮಲೆನಾಡಿನ ಸಣ್ಣ ಬೆಳೆಗಾರನ ಒಂದು ದಿನದ ಪೇಟೆ ಕೆಲಸವೂ ಎಣಿಕೆಗೆ ಬರಬೇಕು. ಅದಕ್ಕೆ ನಮ್ಮ ಬೇಡಿಕೆಗಳು ಇವು:

ಒಂದು, ಬೆಳಗಿನ ಜಾವ ತಲಪುವ ರಾತ್ರಿ ಬಸ್ಸುಗಳಲ್ಲಿ ಕೆಲವಾದರೂ ಪೇಟೆಯವರೆಗೆ ಬರಬೇಕು. ಆ ಹೊತ್ತಿಗೆ ರಸ್ತೆಯಲ್ಲಿ ದಟ್ಟಣೆಯೂ ಇರುವುದಿಲ್ಲ.

ಎರಡು, ಹೊರಗಿನ ನಿಲ್ದಾಣಕ್ಕೆ ಮೊದಲ ಬಸ್ಸು ಬರುವ ಹೊತ್ತಿಗೇ ಮಾರುಕಟ್ಟೆಯ ಕಡೆಗೆ ನಗರ ಬಸ್ಸು ಸಿದ್ಧವಾಗಿರಬೇಕು.

ಮೂರು, ಹಿಂದಿರುಗುವ ಕೊನೆಯ ಬಸ್ಸಿನ ವೇಳೆಯನ್ನು ಮುಂಚಿತ ಮಾಡಬಾರದು. ಅಂಗಡಿ ಮುಚ್ಚಿದ ಮೇಲೆ ಹೊರಟವರು ಹೊರಗಿನ ನಿಲ್ದಾಣ ಸೇರಲು ಈಗಿಗಿಂತ ಹೆಚ್ಚು ಹೊತ್ತು ಬೇಕು. ಒಂದು ಬಸ್ಸು ತಪ್ಪಿದರೆ ಲಾಡ್ಜಿನ ಬಾಡಿಗೆಯ ಜೊತೆಗೆ ಮರುದಿನದ ಕೆಲಸವೂ ಹೋಗುತ್ತದೆ.

ನಾಲ್ಕು, ಕಾಯುವವರಿಗೆ, ಮುಖ್ಯವಾಗಿ ಹೆಂಗಸರಿಗೆ, ಬೆಳಕಿರುವ ತಂಗುದಾಣ, ಶೌಚಾಲಯ, ಸಾಮಾನು ಇಡುವ ಕೊಠಡಿ ಬೇಕು.

ಈ ಮಾತುಗಳನ್ನು ಬೆಂಗಳೂರಿಗೆ ಮುಟ್ಟಿಸುವ ಹತ್ತಿರದ ಬಾಗಿಲು ನಿಮ್ಮ ಕಡೆಯ ವಿಭಾಗೀಯ ಸಾರಿಗೆ ಕಛೇರಿ. ಹಾಸನ, ಚಿಕ್ಕಮಗಳೂರು, ಶಿವಮೊಗ್ಗ, ಮಂಗಳೂರು, ಪುತ್ತೂರುಗಳಲ್ಲಿ ಕ.ರಾ.ರ.ಸಾ.ನಿಗಮದ ವಿಭಾಗಗಳಿವೆ. ಮಡಿಕೇರಿ ಘಟಕ ಪುತ್ತೂರು ವಿಭಾಗಕ್ಕೆ ಸೇರಿದ್ದು. ಶಿರಸಿಯ ಕಡೆಯವರು ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಶಿರಸಿ ವಿಭಾಗಕ್ಕೆ ಬರೆಯಬೇಕು. ಒಬ್ಬೊಬ್ಬರು ಬರೆದ ಹತ್ತು ಕಾಗದಕ್ಕಿಂತ ಹತ್ತು ಮಂದಿ ಸಹಿ ಮಾಡಿದ ಒಂದು ಮನವಿಗೆ ತೂಕ ಹೆಚ್ಚು. ಮನವಿಯಲ್ಲಿ ನೀವು ಹತ್ತುವ ಊರು, ಬಸ್ಸು ಹೊರಡುವ ವೇಳೆ, ತಲಪುವ ವೇಳೆ ಇಷ್ಟನ್ನು ತಪ್ಪದೆ ನಮೂದಿಸಿರಿ. ಬಸ್ಸುಗಳು ಸ್ಥಳಾಂತರವಾಗುವುದಕ್ಕೆ ಮೊದಲೇ ಮನವಿ ತಲಪಿದ್ದರೆ ಅದಕ್ಕೆ ಬೆಲೆ. ಒಮ್ಮೆ ಹೊಸ ವೇಳಾಪಟ್ಟಿ ಅಚ್ಚಾದ ಮೇಲೆ ತಿದ್ದಿಸುವುದು ಕಷ್ಟ.

ಅಲ್ಲಿಯವರೆಗೆ ಸದಸ್ಯರು ಹೊರಡುವ ಮುನ್ನ ತಮ್ಮೂರ ನಿಲ್ದಾಣದ ನಿಯಂತ್ರಕರಲ್ಲಿ, ಬಸ್ಸು ಬೆಂಗಳೂರಿನಲ್ಲಿ ಎಲ್ಲಿ ನಿಲ್ಲುತ್ತದೆ, ಹಿಂದಿರುಗುವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂಬ ಎರಡು ಮಾತು ಕೇಳಿಕೊಂಡೇ ಹತ್ತಬೇಕು. ತಮ್ಮ ಕಡೆಯ ಬಸ್ಸುಗಳ ವೇಳೆ ಮತ್ತು ತೊಂದರೆಗಳನ್ನು ಬರೆದು ಸಂಘದ ಕಛೇರಿಗೆ ತಲಪಿಸಿದರೆ ಎಲ್ಲವನ್ನೂ ಒಟ್ಟುಗೂಡಿಸಿ ಸಂಘದ ವತಿಯಿಂದಲೂ ಮನವಿ ಸಲ್ಲಿಸಲಾಗುವುದು.