ಪರರೆಂದರೆ ಯಾರು?

ರಾಯಸೀನ ಗುಡ್ಡದ ಸೌತ್ ಬ್ಲಾಕಿನಲ್ಲಿ ಬಹುಕಾಲದಿಂದ ನೆಲಸಿದ್ದ ನಮ್ಮ ವಿದೇಶಾಂಗ ಸಚಿವಾಲಯವು ಸ್ವತಂತ್ರ ಭಾರತದ ಸೃಷ್ಟಿಯೆಂದು ಭಾವಿಸುವವರುಂಟು. ಆದರೆ ಅದರ ಮೂಲವನ್ನು ಅರಸುತ್ತ ಹೊರಟವನು ಬಂದು ನಿಲ್ಲುವುದು 1783ರ ಕಲ್ಕತ್ತೆಯಲ್ಲಿ, ವಾರನ್ ಹೇಸ್ಟಿಂಗ್ಸನ ಆಡಳಿತದ ಗುಪ್ತ ರಾಜಕಾರ್ಯಗಳ ಭಾರವನ್ನು ಇಳಿಸಲೆಂದು ಈಸ್ಟ್ ಇಂಡಿಯಾ ಕಂಪನಿಯು ಏರ್ಪಡಿಸಿದ ಒಂದು ಇಲಾಖೆಯ ಬಾಗಿಲಲ್ಲಿ. ಮುಂದೆ ‘ಫಾರಿನ್ ಡಿಪಾರ್ಟ್‌ಮೆಂಟ್’ ಎಂಬ ಹೆಸರನ್ನು ತಳೆದ ಆ ಇಲಾಖೆಗೆ ಪರರೆಂದರೆ ಯಾರು ಎಂಬ ಪ್ರಶ್ನೆಯನ್ನು ಕನ್ನಡಿಗರಾದ ನಾವು ಕೇಳಲೇಬೇಕು; ಏಕೆಂದರೆ ಆ ಪರರಲ್ಲಿ ನಾವೂ ಇದ್ದೆವು. ಕಾಬೂಲಿನ ಕಡತವಿದ್ದ ಇಲಾಖೆಯಲ್ಲಿಯೇ ಮೈಸೂರಿನ ಕಡತವೂ ಇದ್ದಿತು.

ಇಲಾಖೆ ಹುಟ್ಟಿದ ವರ್ಷ ಮೈಸೂರು ಕಂಪನಿಯೊಡನೆ ಯುದ್ಧದಲ್ಲಿದ್ದ ಸ್ವತಂತ್ರ ರಾಜ್ಯ. ಮರುವರ್ಷವೇ ಮಂಗಳೂರಿನಲ್ಲಿ ಸಂಧಿಯಾಯಿತು. ಕೆಲವೇ ವರ್ಷಗಳಲ್ಲಿ ಟಿಪ್ಪುವಿನ ದೂತರು ತುರ್ಕಿಯ ಸುಲ್ತಾನನ ಆಸ್ಥಾನವನ್ನೂ, 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಅರಮನೆಯನ್ನೂ ಕಂಡುಬಂದರು. ಹೀಗೆ ಸಮುದ್ರದಾಚೆಗೆ ತನ್ನ ಮಾತನ್ನು ತಾನೇ ಕಳುಹಿಸಬಲ್ಲದಾಗಿದ್ದ ನಾಡು, 1881ರಲ್ಲಿ ಬ್ರಿಟಿಷರು ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದ ಪತ್ರದ ಷರತ್ತಿನಂತೆ, ಗವರ್ನರ್ ಜನರಲನ ಅನುಮತಿಯಿಲ್ಲದೆ ನೆರೆಯ ಸಂಸ್ಥಾನದೊಡನೆಯೂ ವ್ಯವಹರಿಸಕೂಡದಾಯಿತು. ಈಗ ರಾಜಭವನವಾಗಿರುವ ಬೆಂಗಳೂರಿನ ಬಂಗಲೆ ಅಂದು ಬ್ರಿಟಿಷ್ ಪ್ರತಿನಿಧಿಯಿದ್ದ ರೆಸಿಡೆನ್ಸಿ. ಮೈಸೂರಿನ ಮಾತೆಲ್ಲವೂ ಅಲ್ಲಿಂದಲೇ ಹಾದುಹೋಗಬೇಕು. ಪರದೇಶವೆಂದು ಎಣಿಸುವುದು, ಆದರೆ ಪರದೇಶಕ್ಕೆ ಸಲ್ಲುವ ಸ್ವಾತಂತ್ರ್ಯವನ್ನು ಕೊಡದಿರುವುದು: ಈ ಅಪಮಾನದ ಆಳವನ್ನು ನಮ್ಮ ಇತಿಹಾಸಗ್ರಂಥಗಳು ಇನ್ನೂ ಸಾಕಷ್ಟು ಅಳೆದಿಲ್ಲವೆಂದೇ ನನ್ನ ಎಣಿಕೆ.

1946ರ ಅಕ್ಟೋಬರಿನಲ್ಲಿ ಭಾರತೀಯ ವಿದೇಶಾಂಗ ಸೇವೆ ರೂಪುಗೊಂಡಿತು. ಪ್ರಧಾನಿಯಾಗಿದ್ದಷ್ಟು ಕಾಲವೂ, 1964ರವರೆಗೆ, ನೆಹರೂ ಅವರೇ ವಿದೇಶಾಂಗ ಖಾತೆಯನ್ನು ವಹಿಸಿಕೊಂಡಿದ್ದರು. ಕಡತದೊಳಗಿನ ‘ಪರ’ ಎಂಬುದು ಕೊನೆಗೂ ದೇಶದ ಗಡಿಯಾಚೆಗೆ ಸರಿಯಿತು. ಆದರೆ ಕಚೇರಿಯ ಒಳಗೆಯೇ ಒಬ್ಬರು ಹೊರಗಿನವರಾಗಿ ಉಳಿದರು.

1834ರಲ್ಲಿ ಕಂಪನಿಯ ವಶವಾದ ಕೊಡಗಿನಲ್ಲಿ, ದೊಡ್ಡವೀರರಾಜೇಂದ್ರನ ಹೆಸರನ್ನು ಹೊತ್ತ ವಿರಾಜಪೇಟೆಯಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಈ ಸೇವೆಗೆ ಸೇರಿದ ಮೊದಲ ಮಹಿಳೆ. ವಿವಾಹವಾದರೆ ರಾಜೀನಾಮೆ ಕೊಡುವೆನೆಂದು ಸೇರುವಾಗಲೇ ಅವರಿಂದ ಬರೆಸಿಕೊಳ್ಳಲಾಯಿತು. ಪುರುಷರಿಗೆ ಆ ನಿರ್ಬಂಧವಿರಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ ಹೋದ ಈಕೆಗೆ, ಅನಂತರ ಉನ್ನತ ಶ್ರೇಣಿಯ ಬಡ್ತಿಯನ್ನು ನಿರಾಕರಿಸಿದಾಗ, ಅವರು ತಮ್ಮ ಸರ್ಕಾರದ ಮೇಲೆಯೇ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಪರದೇಶಗಳ ಮುಂದೆ ದೇಶದ ಪರವಾಗಿ ವಾದಿಸುವುದು ಯಾರ ವೃತ್ತಿಯಾಗಿದ್ದಿತೋ ಅವರು ದೇಶದ ಮುಂದೆ ತಮ್ಮ ಪರವಾಗಿ ವಾದಿಸಬೇಕಾಗಿ ಬಂದುದು ನನಗೆ ಇಂದಿಗೂ ನೋವಿನ ಸಂಗತಿ.

ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಬಂದುದರಿಂದ 1979ರಲ್ಲಿ ಅರ್ಜಿ ವಜಾ ಆಯಿತು. ಆದರೂ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಸೇವಾನಿಯಮಗಳಲ್ಲಿ ಹೆಣ್ಣೆಂಬ ಕಾರಣದಿಂದ ಉಳಿದುಬಂದ ತಾರತಮ್ಯವನ್ನೆಲ್ಲ ಕಿತ್ತುಹಾಕಬೇಕೆಂದು ಸರ್ಕಾರಕ್ಕೆ ನಿಷ್ಠುರವಾಗಿ ಹೇಳಿದರು. ಅದೇ ಸರ್ಕಾರವು ಮುತ್ತಮ್ಮನವರನ್ನು ತನ್ನ ರಾಯಭಾರಿಯನ್ನಾಗಿ ನೆದರ್ಲೆಂಡ್ಸಿಗೆ ಕಳುಹಿಸಿತು.