ಕಟ್ಟಿ ಕೊಡುವ ರೊಟ್ಟಿ

ಬನಹಟ್ಟಿಯ ಓಣಿಗಳಲ್ಲಿ ಬೆಳಗಿನ ಹೊತ್ತು ನಡೆಯುವವನ ಕಿವಿಗೆ ಎರಡು ಬಗೆಯ ಬಡಿತಗಳು ಬೀಳುವವು: ಒಂದು, ಮನೆಮನೆಯ ಒಳಗಿನಿಂದ ಎಡೆಬಿಡದೆ ಹೊರಡುವ ಮಗ್ಗದ ಸಪ್ಪಳ, ಇನ್ನೊಂದು, ಅದರ ಸಂದಿನಲ್ಲಿಯೇ ಎಲ್ಲಿಂದಲೋ ತೇಲಿಬರುವ, ಅಂಗೈಯು ನಾದಿದ ಹಿಟ್ಟಿನ ಮೇಲೆ ಬೀಳುವ ಮೆತ್ತನೆಯ ತಾಳ. ಈ ಎರಡನೆಯ ಸಪ್ಪಳದ ಜಾಡು ಹಿಡಿದು ಹೋದರೆ ಒಂದು ಚಿಕ್ಕ ಖಾನಾವಳಿಯ ಹೊಸ್ತಿಲು ಸಿಕ್ಕುವುದು. ಹೊರಗೆ ನಾಲ್ಕು ಮೇಜು, ಗೋಡೆಯ ಮೇಲೆ ಬಸವಣ್ಣನವರ ಪಟ, ಒಳಗೆ ಒಲೆ, ಒಲೆಯ ಮುಂದೆ ಇಬ್ಬರು ಹೆಣ್ಣುಮಕ್ಕಳು. ಬಾಗಿಲ ಮಗ್ಗುಲಿನ ಕಪಾಟಿನಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿಗಳ ಪೊಟ್ಟಣಗಳು, ಶೇಂಗಾ ಹೋಳಿಗೆ, ಹಪ್ಪಳ, ಸಂಡಿಗೆ. ಅದರ ಪಕ್ಕದಲ್ಲಿ ಬಿಳಿಯ ಅರಿವೆ ಹೊದಿಸಿದ ಬುಟ್ಟಿ, ಬುಟ್ಟಿಯಲ್ಲಿ ಪೂರ್ಣಚಂದ್ರನಂತೆ ದುಂಡಗಿನ ಖಡಕ್ ರೊಟ್ಟಿಗಳ ಒಟ್ಟಿಲು. ಕುಳಿತು ಉಣ್ಣುವವರು ಉಣ್ಣುವರು. ಕಟ್ಟಿಸಿಕೊಂಡು ಹೋಗುವವರು ಹೋಗುವರು.

ಇಟಲಿಯ ಪಟ್ಟಣಗಳಲ್ಲಿ ಇಂತಹದೇ ಅಂಗಡಿಗೆ ‘ತಾವೊಲಾ ಕಾಲ್ದಾ’ ಎನ್ನುವರು. ಬಿಸಿ ಮೇಜು ಎಂದು ಅದರ ಅರ್ಥ. ಆ ಓಣಿಯ ಜನ ಮಧ್ಯಾಹ್ನ ಬಂದು, ಗಾಜಿನ ಪೆಟ್ಟಿಗೆಯಲ್ಲಿ ಸಿದ್ಧವಾಗಿರುವ ಅಡುಗೆಗಳಲ್ಲಿ ಬೇಕಾದುದನ್ನು ತೋರಿಸಿ, ಅಲ್ಲಿಯೇ ತಿನ್ನುವರು ಅಥವಾ ಮನೆಗೆ ಒಯ್ಯುವರು. ಇಂದು ಪ್ರಪಂಚದ ಅನೇಕ ಮಹಾನಗರಗಳು ಇಟಲಿಯ ಈ ತಿನಿಸಿನಂಗಡಿಗಳನ್ನು ಅಕ್ಕರೆಯಿಂದ ತಮ್ಮವಾಗಿಸಿಕೊಂಡಿವೆ. ಆದರೆ ಓಣಿಯ ಅಡುಗೆಮನೆಯೊಂದು ಬೀದಿಗೆ ಬಾಗಿಲು ತೆರೆದು, ನೆರೆಹೊರೆಯವರ ಹಸಿವನ್ನು ಹೆಸರಿನಿಂದ ಬಲ್ಲಂತೆ ನಡೆದುಕೊಳ್ಳುವ ಈ ಪದ್ಧತಿಯು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರಿಗೆ ಕಲಿಸಬೇಕಾದ ಹೊಸ ಪಾಠವೇನೂ ಅಲ್ಲ.

ಖಾನಾವಳಿ ಎಂಬ ಮಾತು ಮರಾಠಿಯ ‘ಖಾಣಾವಳ’ದ ಕನ್ನಡ ರೂಪ. ಜಮಖಂಡಿಯು ಪಟವರ್ಧನರ, ಮುಧೋಳವು ಘೋರ್ಪಡೆಯವರ ಸಂಸ್ಥಾನಗಳಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಗಿ, 1956ರಲ್ಲಿ ಏಕೀಕರಣದೊಡನೆ ಮೈಸೂರು ರಾಜ್ಯವನ್ನು ಸೇರಿದವಾದ್ದರಿಂದ, ಇಲ್ಲಿನ ಕಚೇರಿಯ ಮತ್ತು ಪೇಟೆಯ ಮಾತಿನಲ್ಲಿ ಇಂತಹ ಮರಾಠಿ ಪದಗಳು ಹಾಲಿನಲ್ಲಿ ಸಕ್ಕರೆಯಂತೆ ಕರಗಿಹೋಗಿವೆ. ಕಚೇರಿಯ ಕೆಲಸಕ್ಕೆ ಬಂದವರು, ಸಂತೆಗೆ ಬಂದ ರೈತರು, ವರ್ಗವಾಗಿ ಬಂದ ಒಂಟಿ ಮಾಸ್ತರರು, ಕಬ್ಬಿನ ಹಂಗಾಮಿನಲ್ಲಿ ಹಗಲಿರುಳೆನ್ನದೆ ಟ್ರ್ಯಾಕ್ಟರು ಓಡಿಸುವವರು, ಇವರೆಲ್ಲರಿಗೂ ಮನೆಯ ಊಟವನ್ನು ಮನೆಯಿಂದ ದೂರದಲ್ಲಿ ಬಡಿಸುವ ತಾಣವೇ ಖಾನಾವಳಿ.

ತಾಟು ಬಂದಿತೆಂದರೆ ಅದರಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಣಗಾಯಿ. ಎಳೆಯ ಬದನೆಕಾಯಿಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಶೇಂಗಾ, ಎಳ್ಳು, ಹುಣಸೆ, ಬೆಲ್ಲ, ಖಾರಗಳ ಹೂರಣ ತುಂಬಿ ಬೇಯಿಸಿದ್ದು. ಜತೆಗೆ ಮಡಿಕಿಕಾಳಿನ ಪಲ್ಯ, ಝುಣಕ ಅಥವಾ ಪುಂಡಿಪಲ್ಯ, ತಾಟಿನ ಅಂಚಿಗೆ ಗಟ್ಟಿ ಮೊಸರು, ಕೆಂಪು ಖಾರ, ಚಟ್ನಿಪುಡಿಯ ಮೇಲೆ ಶೇಂಗಾ ಎಣ್ಣೆಯ ಒಂದು ಧಾರೆ, ಹಸಿಯ ಉಳ್ಳಾಗಡ್ಡಿ, ಮೆಂತ್ಯದ ಎಳೆಯ ಸೊಪ್ಪು. ಇವೆಲ್ಲವೂ ಪರಿವಾರ, ಅರಸು ಮಾತ್ರ ಇನ್ನೂ ಬಂದಿರುವುದಿಲ್ಲ. ಹಂಚಿನಿಂದ ಎದ್ದ ರೊಟ್ಟಿ, ಒಳಗಿನ ಹಬೆ ಆರುವ ಮುನ್ನವೇ, ಒಲೆಯಿಂದ ತಾಟಿಗೆ ನೇರವಾಗಿ ಬರುವುದು. “ಇನ್ನೊಂದು ಬಿಸೇದು ಹಾಕಲೇನ್ರಿ ಅಣ್ಣಾರ?” ಎಂದು ಕೇಳಿ, “ಸಾಕ್ರೀ ಅವ್ವಾರ” ಎಂಬ ಉತ್ತರ ಪೂರ್ತಿಯಾಗುವಷ್ಟರಲ್ಲಿ ಹಾಕಿಯೇ ಬಿಡುವ ಆ ತಾಯಿಯ ಕೈ, ಲೆಕ್ಕದ ಪುಸ್ತಕವನ್ನು ಮರೆತ ಕೈ.

ಆ ಕೈಯ ವಿದ್ಯೆಯನ್ನು ಕುರಿತು ನಾಲ್ಕು ಮಾತು ಹೇಳದೆ ಮುಂದೆ ಸಾಗಲು ನನಗೆ ಮನಸ್ಸಾಗದು. ಗೋದಿಯ ಹಿಟ್ಟಿನಲ್ಲಿ ನೀರು ಸೋಕಿದೊಡನೆ ಎಳೆಎಳೆಯಾಗಿ ಹೆಣೆದುಕೊಳ್ಳುವ ಅಂಟು ಸತ್ವವೊಂದಿದೆ; ಇಟಲಿಯವರು ಹಿಟ್ಟನ್ನು ದಾರದಂತೆ ಎಳೆದು ಪಾಸ್ತಾ ಮಾಡಲು ಸಾಧ್ಯವಾದುದು ಅದರ ಬಲದಿಂದ. ನಮ್ಮ ರೊಟ್ಟಿಯ ಜೋಳಕ್ಕೆ ಆ ಸತ್ವವಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗಲೇ ಬಿರಿದು ಹೋಗುವುದು. ಆದುದರಿಂದ ನಮ್ಮ ಹೆಂಗಸರು ಎಸರಿಟ್ಟು, ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿದು, ಹಿಟ್ಟಿನೊಳಗಿನ ಪಿಷ್ಟವನ್ನು ಅರೆಬೇಯಿಸಿ, ಅದರಿಂದ ಹುಟ್ಟುವ ಜಿಗುಟನ್ನೇ ಅಂಟಾಗಿ ಬಳಸುವರು. ಯಾವ ಪಾಠಶಾಲೆಯಲ್ಲಿಯೂ ಬೋಧಿಸದ ಈ ರಸಾಯನಶಾಸ್ತ್ರವು ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಹಸ್ತಾಂತರವಾಗುತ್ತ ಬಂದಿದೆ. ಒಂದೊಂದು ರೊಟ್ಟಿಗೆ ಬೇಕಾದಷ್ಟನ್ನೇ ಆಗಿಂದಾಗ ನಾದಿ, ಒಣಹಿಟ್ಟಿನ ಮೇಲಿಟ್ಟು, ಎರಡೂ ಅಂಗೈಗಳಿಂದ ಬಡಿಯುತ್ತ ಬಡಿಯುತ್ತ ತಿರುಗಿಸಿದರೆ, ಮುಷ್ಟಿಯಷ್ಟಿದ್ದ ಉಂಡೆ ತಾಟಿನಷ್ಟಗಲವಾಗುವುದು. ಹಂಚಿನ ಮೇಲೆ ಹಾಕಿದ ಕ್ಷಣವೇ ಮೇಲ್ಮೈಗೆ ನೀರರಿವೆ ಸವರುವರು, ಹಿಟ್ಟು ಬಿರಿಯಬಾರದೆಂದು. ನೀರು ಆರಿತೋ ಇಲ್ಲವೋ ಎಂಬ ಸಂಧಿಯಲ್ಲಿ ಮಗುಚುವರು. ಕೊನೆಗೆ ಕೆಂಡದ ಎದುರಿಗೆ ಒಡ್ಡಿದಾಗ ಒಳಗಿನ ನೀರು ಆವಿಯಾಗಿ ಎರಡು ಪದರಗಳನ್ನು ಬೇರ್ಪಡಿಸುವುದು, ರೊಟ್ಟಿ ಉಸಿರು ತುಂಬಿಕೊಂಡು ಉಬ್ಬುವುದು. ಈಗ ರೊಟ್ಟಿಯ ಯಂತ್ರಗಳು ಬಂದಿವೆ. ಬೇಡಿಕೆಗೆ ಅವು ಬೇಕು, ದಿನಕ್ಕೆ ನೂರಾರು ರೊಟ್ಟಿ ಬಡಿಯುವ ತೋಳುಗಳ ನೋವನ್ನು ಬಲ್ಲವರು ಅವನ್ನು ನಿಂದಿಸಲಾರರು. ಆದರೂ ಕೈಯಲ್ಲಿ ಬಡಿದ ರೊಟ್ಟಿಯ ಅಂಚು ತೆಳುವಾಗಿ, ನಡು ಮೃದುವಾಗಿರುವ ಆ ಹದವನ್ನು ನನ್ನ ನಾಲಿಗೆ ಇನ್ನೆಲ್ಲಿಯೂ ಕಂಡಿಲ್ಲ.

ಬಿಸಿ ರೊಟ್ಟಿ ಕುಳಿತು ಉಣ್ಣುವವರದು. ಕಟ್ಟಿಸಿಕೊಂಡು ಹೋಗುವವರದು ಖಡಕ್ ರೊಟ್ಟಿ. ಹಾಳೆಯಂತೆ ತೆಳ್ಳಗೆ ಬಡಿದು, ಬೇಯಿಸಿ, ಸಣ್ಣ ಉರಿಯಲ್ಲಿ ನೀರಿನಂಶವೆಲ್ಲ ಹಾರಿಹೋಗುವಂತೆ ಒಣಗಿಸಿದ ಈ ರೊಟ್ಟಿಗೆ ಬೂಸಲು ಹಿಡಿಯಲು ತೇವವೇ ಇರುವುದಿಲ್ಲ. ವಾರಗಟ್ಟಲೆ ಇಟ್ಟರೂ ಕೆಡದು. ಇಟಲಿಗೆ ಸೇರಿದ ಸಾರ್ಡಿನಿಯಾ ದ್ವೀಪದಲ್ಲಿ ‘ಪಾನೆ ಕರಸಾವು’ ಎಂಬ ರೊಟ್ಟಿಯುಂಟು: ಗೋದಿಯ ಹಿಟ್ಟಿನ ತೆಳುವಾದ ಹಾಳೆಯನ್ನು ಒಲೆಯಲ್ಲಿಟ್ಟು ಉಬ್ಬಿಸಿ, ಉಬ್ಬಿದ್ದನ್ನು ಎರಡು ಪದರವಾಗಿ ಬಿಡಿಸಿ, ಮತ್ತೊಮ್ಮೆ ಸುಟ್ಟು ಗರಿಗರಿಯಾಗಿಸಿದ್ದು. ಕುರಿಗಳನ್ನು ಅಟ್ಟಿಕೊಂಡು ತಿಂಗಳುಗಟ್ಟಲೆ ಬೆಟ್ಟಗಳಲ್ಲಿ ಅಲೆಯುವ ಕುರುಬರಿಗಾಗಿ ಮನೆಯ ಹೆಂಗಸರು ಅದನ್ನು ಮಾಡಿ ಕಟ್ಟಿಕೊಡುತ್ತಿದ್ದರು. ಕೃಷ್ಣೆಯ ದಡದಲ್ಲಿಯೂ ಸಮುದ್ರದಾಚೆಯ ಆ ದ್ವೀಪದಲ್ಲಿಯೂ, ಒಬ್ಬರನ್ನೊಬ್ಬರು ಕಾಣದ ತಾಯಂದಿರು, ದೂರ ಹೋಗುವ ಮಕ್ಕಳ ಹಸಿವನ್ನು ನೆನೆದು ಒಂದೇ ಉಪಾಯವನ್ನು ಕಂಡುಕೊಂಡರೆಂಬುದು ನನಗೆ ಬಹು ಹೃದಯಂಗಮವಾಗಿ ತೋರುವುದು. ಅಂಗಡಿಯವರು ಇಂದು ‘ಪಾರ್ಸೆಲ್’ ಎನ್ನುವುದನ್ನು ನಮ್ಮ ಹಿರಿಯರು ‘ಬುತ್ತಿ’ ಎನ್ನುತ್ತಿದ್ದರು. ಎಳ್ಳಮಾವಾಸ್ಯೆಯ ದಿನ ಚರಗ ಚೆಲ್ಲಲು ಹೊಲಕ್ಕೆ ಹೋಗುವ ಗಾಡಿಯಲ್ಲಿ ಸಜ್ಜಿರೊಟ್ಟಿಯ ಬುತ್ತಿ. ಪಂಚಮಿಯ ಮುನ್ನ ಬರುವ ರೊಟ್ಟಿ ಹಬ್ಬದಲ್ಲಿ ಮನೆಯಿಂದ ಮನೆಗೆ ನಡೆಯುವ ಬುತ್ತಿ. ಜಮಖಂಡಿಯಲ್ಲಿ ಕೋಣೆ ಹಿಡಿದು ಓದುವ ಹಳ್ಳಿಯ ಹುಡುಗರಿಗೆ ಅವ್ವಂದಿರು ಬೆಳಗಿನ ಬಸ್ಸಿನಲ್ಲಿ ಡಬ್ಬಿ ಇಟ್ಟು ಕಳಿಸುವುದನ್ನೂ, ಬಸ್ಸು ನಿಲ್ಲುತ್ತಲೇ ಹುಡುಗರು ತಮ್ಮ ತಮ್ಮ ಅರಿವೆಯ ಗಂಟಿನ ಬಣ್ಣವನ್ನು ಗುರುತಿಸಿ ಎತ್ತಿಕೊಳ್ಳುವುದನ್ನೂ ಕಂಡವರು ಬಲ್ಲರು, ಖಾನಾವಳಿಯ ಪೊಟ್ಟಣವು ಯಾವ ವಂಶದಲ್ಲಿ ಹುಟ್ಟಿತೆಂಬುದನ್ನು.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆಗಳು ದಡ ಮೀರಿ ಜಮಖಂಡಿ, ಮುಧೋಳ ಭಾಗದ ನದೀತೀರದ ಹಳ್ಳಿಗಳನ್ನು ಮುಳುಗಿಸಿದಾಗ, ಒಲೆ ಹೊತ್ತಿಸಲು ಒಣನೆಲವಿಲ್ಲದ ಜನರಿಗೆ ನೆರವಾದುದು ಇದೇ ರೊಟ್ಟಿ. ಉತ್ತರ ಕರ್ನಾಟಕದ ಊರೂರುಗಳ ಮನೆಮನೆಗಳಲ್ಲಿ ಬಡಿದ ಖಡಕ್ ರೊಟ್ಟಿ, ಚಟ್ನಿಪುಡಿಗಳು ಗಂಟುಗಂಟಾಗಿ ಬಂದು ಪರಿಹಾರ ಕೇಂದ್ರಗಳನ್ನು ತಲುಪಿದವು. ನೀರು ಬೇಡದ, ಬೆಂಕಿ ಬೇಡದ, ಕೆಡದ ಅನ್ನ.

ಆದರೆ ರೊಟ್ಟಿಯ ಬೇರು ಹೊಲದಲ್ಲಿದೆ, ಹೊಲವೀಗ ಬದಲಾಗಿದೆ. ಮುಂಗಾರಿನ ನೀರನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುವ ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿ, ಮಂಜಿನ ತಂಪಿನಲ್ಲಿ ಬೆಳೆದು, ಮುತ್ತಿನಂತೆ ಹೊಳೆಯುವ ಮಾಲದಂಡಿ ಬಿಳಿಜೋಳವೇ ರೊಟ್ಟಿಗೆ ಶ್ರೇಷ್ಠವೆಂದು ಇಲ್ಲಿನವರ ನಿಶ್ಚಿತ ಅಭಿಪ್ರಾಯ. ನೀರಾವರಿ ಬಂದಂತೆ ಮುಧೋಳ, ಜಮಖಂಡಿಗಳ ಹೊಲಗಳನ್ನು ಕಬ್ಬು ಆವರಿಸಿತು; ಬೀಳಗಿ ತಾಲೂಕಿನ ಅನೇಕ ಹಳ್ಳಿಗಳ ಎರೆಭೂಮಿಯು ಆಲಮಟ್ಟಿಯ ಹಿನ್ನೀರಿನ ಕೆಳಗೆ ಹೋಯಿತು. 1989ರಲ್ಲಿ ರೈತರು ತಾವೇ ದುಡ್ಡು ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ನಾಡು ಇದು. ನೀರಿನ ಬೆಲೆಯನ್ನು ಬಲ್ಲ ಇವರು ಕಬ್ಬು ಬೆಳೆದರೆಂದು ಯಾರೂ ದೂರಲಾಗದು. ಜೋಳವು ಒಣಬೇಸಾಯದ ವಿಜಯಪುರದ ಕಡೆಯಿಂದಲಾದರೂ ಬಂದೀತು. ನನ್ನ ಚಿಂತೆ ಬೇರೆಯದು. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿತು, ಜೋಳಕ್ಕೆ ನಗರಗಳಲ್ಲಿ ಮಾನ ಬಂದಿತು. ಜೋಳವನ್ನು ರೊಟ್ಟಿಯಾಗಿಸುವ ಕೈಗೆ ಅದೇ ಪ್ರಮಾಣದ ಮಾನ ಬಂದಿಲ್ಲ. ಇಟಲಿಯಲ್ಲಿ ರೊಟ್ಟಿ ಸುಡುವವನನ್ನು ಕುಶಲಕರ್ಮಿಯೆಂದು ಗೌರವಿಸುವರು. ನಮ್ಮಲ್ಲಿ ಬಡಿಯುವವಳು ಇಂದಿಗೂ ‘ರೊಟ್ಟಿ ಮಾಡುವಾಕಿ’ ಮಾತ್ರ. ಮಗ್ಗದ ಮೇಲೆ ಸೀರೆ ನೇಯ್ದವನನ್ನು ನೇಕಾರನೆಂದು ಕರೆಯುವ ಬನಹಟ್ಟಿಯಲ್ಲಿಯೇ, ಅವನ ಪಕ್ಕದ ಮನೆಯಲ್ಲಿ ಹಿಟ್ಟಿನ ಹಾಳೆ ನೇಯುವವಳಿಗೆ ಒಂದು ವೃತ್ತಿನಾಮವಿಲ್ಲ. ಮಹಿಳಾ ಸ್ವಸಹಾಯ ಸಂಘಗಳು ರೊಟ್ಟಿಯನ್ನು ಕಸುಬಾಗಿ ಹಿಡಿದಲ್ಲಿ ಆಕೆಯ ಕೈಗೆ ಸ್ವಂತದ ದುಡ್ಡು ಬಂದಿದೆ ಎಂಬುದು ನಿಜಕ್ಕೂ ಸಂತೋಷದ ಸಂಗತಿ.

ಊರಿಗೆ ಹೊರಟ ದಿನ ನಾನು ಆ ಖಾನಾವಳಿಯಲ್ಲಿ ಇಪ್ಪತ್ತೈದು ಖಡಕ್ ರೊಟ್ಟಿ ಕೇಳಿದೆನು. ಹಿರಿಯಾಕೆ ಬುಟ್ಟಿಯ ಅರಿವೆ ಸರಿಸಿ, ಒಂದೊಂದನ್ನೂ ಬೆರಳ ತುದಿಯಿಂದ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಎಣಿಸಿ, ಹಳೆಯ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ದಾರ ಕಟ್ಟಿದರು. ಮೇಲೆ ಎರಡು ರೊಟ್ಟಿ ಕೊಸರು. ಕಾಗದದಲ್ಲಿ ಒಂದು ಚಿಟಿಕೆ ಗುರೆಳ್ಳು ಚಟ್ನಿ. ಬಸ್ಸಿನ ನೂಕುನುಗ್ಗಲಲ್ಲಿ ಇವು ಪುಡಿಯಾಗಲಾರವೇ ಎಂದು ನಾನು ಅನುಮಾನಿಸಿದಾಗ ಆಕೆ ಪೊಟ್ಟಣವನ್ನು ನನ್ನ ಎರಡೂ ಕೈಗಳ ಮೇಲೆ ಇಟ್ಟು ಹೇಳಿದರು: “ಮುರದ್ರ ಮುರೀಲಿ ಬಿಡೋ ಯಪ್ಪಾ, ಮುರದದ್ದು ಹಾಲಾಗ ಹಾಕ್ಕೊಂಡು ತಿನ್ನು. ಅದರ ರುಚೀನ ಬ್ಯಾರೆ.”