ಸಿಂಬಿಯಿಂದ ಸ್ಕ್ಯಾನರ್‌ವರೆಗೆ: ಲೋಡ್ ಎತ್ತೋರು ಯಾರು?

ನೀವು ಮೊಬೈಲಲ್ಲಿ ಆರ್ಡರ್ ಮಾಡಿದ ಪಾರ್ಸಲ್ ಚನ್ನಪಟ್ಟಣದ ನಿಮ್ಮ ಮನೆ ಬಾಗಿಲಿಗೆ ಬರೋ ಹೊತ್ತಿಗೆ ಎಷ್ಟು ಕೈ ದಾಟಿರುತ್ತೆ? ಇವತ್ತಿನ ಸಂಚಿಕೆ ಆ ಕೈಗಳ ಬಗ್ಗೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬದಲಾದ ಸೀಮೆ ಇದು. ಇಲ್ಲಿನ ಹಳೇ ಡ್ರೈವರ್‌ಗಳ ಜೊತೆ ಟೀ ಅಂಗಡೀಲಿ ಕೂತರೆ ಮಾತು ನೇರ ಗಾಡಿಗೇ ಹೋಗುತ್ತೆ: ಮೆಟಡೋರ್, ಮರದ ಬಾಡಿಯ ಲಾರಿ, 1986ರಲ್ಲಿ ಬಂದ ಟಾಟಾ 407. ನಾನು ಕೇಳಿಸಿಕೊಂಡಿದ್ದರಲ್ಲಿ ಗಾಡಿಗಿಂತ ಜಾಸ್ತಿ ಬಂದಿದ್ದು ಲೋಡಿಂಗ್ ಮಾತು.

ಒಂದು ಗಾಡಿ, ಮೂರು ಕೆಲಸ

ಆಗ ಡ್ರೈವರ್ ಗಾಡಿ ಓಡಿಸ್ತಿದ್ದ. ಕ್ಲೀನರ್ ಹಗ್ಗ, ಟಾರ್ಪಾಲ್ ನೋಡಿಕೊಳ್ತಿದ್ದ. ಮೂಟೆ ಎತ್ತೋದು ಹಮಾಲಿಗಳ ಕೆಲಸ. ತಲೆ ಮೇಲೆ ಸಿಂಬಿ, ಕೈಯಲ್ಲಿ ಕೊಕ್ಕೆ, ಎತ್ತರದ ಬಾಡಿಗೆ ಹಲಗೆ ಇಟ್ಟು ಹತ್ತಬೇಕು. ಅವರ ಕೂಲಿ ಬೇರೆ, ಡ್ರೈವರ್ ಸಂಬಳ ಬೇರೆ.

ಲೋಡ್ ಮಾಡೋದಕ್ಕೂ ಲೆಕ್ಕ ಇತ್ತು. ಬೆಂಗಳೂರಿಂದ ಹೊರಟರೆ ಮೊದಲು ಸಿಗೋದು ಬಿಡದಿ, ಆಮೇಲೆ ರಾಮನಗರ, ಆಮೇಲೆ ಚನ್ನಪಟ್ಟಣ. ಹಾಗಾಗಿ ಚನ್ನಪಟ್ಟಣದ ಮಾಲು ಎಲ್ಲಕ್ಕಿಂತ ಒಳಗೆ, ಬಿಡದಿಯದ್ದು ಬಾಗಿಲ ಹತ್ತಿರ. ತಪ್ಪಿದರೆ ನಡುರಸ್ತೇಲಿ ಗಾಡಿ ಖಾಲಿ ಮಾಡಿ ಮತ್ತೆ ತುಂಬಬೇಕು. ಇವತ್ತಿನ ಡೆಲಿವರಿ ವ್ಯಾನಲ್ಲೂ ಇದೇ ಲೆಕ್ಕ. ಸರದಿ ಹೇಳೋದು ಮಾತ್ರ ಆಪ್.

ಗೂಡಿಗೆ ಉಸಿರಾಟ ಬೇಕು

ಈ ಸೀಮೆಯ ನಾಜೂಕಾದ ಲೋಡ್ ಅಂದ್ರೆ ರೇಷ್ಮೆ ಗೂಡು. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದದ್ದು. ಗೂಡಿನೊಳಗೆ ಜೀವಂತ ಹುಳ ಇರುತ್ತೆ. ಒತ್ತಿ ತುಂಬಿದರೆ ಗೂಡು ನಜ್ಜುಗುಜ್ಜಾಗುತ್ತೆ, ಗಾಳಿ ಆಡದಿದ್ದರೆ ಬಿಸಿಯೇರಿ ಬೆವರುತ್ತೆ. ಅಂಥ ಗೂಡಲ್ಲಿ ನೂಲು ಬಿಚ್ಚುವಾಗ ಎಳೆ ಕಡಿಯುತ್ತೆ, ಹರಾಜಲ್ಲಿ ರೇಟು ಬಿದ್ದುಹೋಗುತ್ತೆ. ಅದಕ್ಕೇ ಚೀಲ ಸಡಿಲವಾಗಿ ತುಂಬಬೇಕು, ಒಂದರ ಮೇಲೊಂದು ಹೇರಬಾರದು, ತಂಪು ಹೊತ್ತಲ್ಲಿ ಸಾಗಿಸಬೇಕು. ರೈತ ಸುಮಾರು ಒಂದು ತಿಂಗಳು ಹುಳ ಸಾಕಿದ ದುಡಿಮೆ ಆ ಒಂದು ರಾತ್ರಿಯ ಲೋಡಿಂಗ್ ಮೇಲೆ ನಿಂತಿರುತ್ತೆ.

ಹಾಲಿನ ಕಥೆ ಬೇರೆ. ನಲವತ್ತು ಲೀಟರ್ ಕ್ಯಾನ್ ಎತ್ತಿ ಎತ್ತಿ ಲಾರಿಗೆ ಇಡ್ತಿದ್ದ ಕೆಲಸ, ಹಳ್ಳಿಗಳಲ್ಲಿ ಹಾಲು ತಂಪು ಮಾಡೋ ಘಟಕ, ಟ್ಯಾಂಕರ್ ಬಂದಮೇಲೆ ಬಹಳ ಕಡೆ ಕಮ್ಮಿಯಾಯ್ತು.

ಮೂರು ಕೆಲಸ, ಒಬ್ಬನೇ ಆಳು

2005ರಲ್ಲಿ ಟಾಟಾ ಏಸ್ ಬಂತು. ಛೋಟಾ ಹಾಥಿ ಅಂತಾರಲ್ಲ, ಅದೇ. ಸಣ್ಣ ಗಾಡಿ, ತಗ್ಗಿನ ಬಾಡಿ, ಸಂದಿಗೊಂದಿಗೂ ನುಗ್ಗುತ್ತೆ. ಎಷ್ಟೋ ಡ್ರೈವರ್‌ಗಳು ಸಾಲ ಮಾಡಿ ತಾವೇ ಓನರ್ ಆದರು. ಆದರೆ ಕ್ಲೀನರ್ ಹೋದ, ಪಾರ್ಸಲ್ ಗಾಡಿಗಳಲ್ಲಿ ಹಮಾಲಿಯೂ ಹೋದ. ಈಗ ಓಡಿಸೋದು, ಎತ್ತೋದು, ಸ್ಕ್ಯಾನ್ ಮಾಡೋದು, ಮೂರನೇ ಮಹಡಿಗೆ ಫ್ರಿಜ್ ಹೊರೋದು ಎಲ್ಲಾ ಒಬ್ಬನದೇ. ದುಡ್ಡು ಬಹಳ ಕಡೆ ಟ್ರಿಪ್ ಲೆಕ್ಕ, ಇಲ್ಲಾಂದ್ರೆ ಪಾರ್ಸಲ್ ಲೆಕ್ಕ. ಎತ್ತಿದ್ದಕ್ಕೆ ಬೇರೆ ಕೂಲಿ ಕೇಳೋದು ಕಷ್ಟ.

ರಸ್ತೆಯೂ ಬದಲಾಯ್ತು. 118 ಕಿ.ಮೀ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಲ್ಲಿ ಉದ್ಘಾಟನೆ ಆಯ್ತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಬೈಕು, ಆಟೋಗೆ ಪ್ರವೇಶ ಇಲ್ಲ. ಬೈಕಲ್ಲಿ, ಆಟೋದಲ್ಲಿ ಡೆಲಿವರಿ ಮಾಡೋರಿಗೆ ಸರ್ವಿಸ್ ರಸ್ತೆಯೇ ಗತಿ.

ಬೆನ್ನು ಹಿಡಿದರೆ ಯಾರು ನೋಡ್ತಾರೆ?

ಹಮಾಲಿಗಳಿಗೆ ರಾಜ್ಯದ 'ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ' ಯೋಜನೆಯಲ್ಲಿ ನೋಂದಣಿ ಇದೆ. ಗಿಗ್ ಕಾರ್ಮಿಕರಿಗೆ 2025ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ: ಕಂಪನಿ ಕಾರ್ಮಿಕನಿಗೆ ಪ್ರತಿ ವಹಿವಾಟಿನಲ್ಲಿ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು. ಸಾಮಾನು ಸಾಗಣೆ ಸೇವೆಯೂ ಈ ಪಟ್ಟಿಯಲ್ಲಿದೆ.

ಆದರೆ ಒಂದು ಸಂಗತಿ ಗಮನಿಸಿ. ಗಾಡಿ ಇನ್ನೊಬ್ಬರದ್ದು, ಆಪ್ ಖಾತೆ ಓನರ್ ಹೆಸರಲ್ಲಿ, ನೀವು ದಿನಗೂಲಿಗೆ ಓಡಿಸ್ತೀರಿ ಅಂದ್ರೆ ನಿಮ್ಮ ಹೆಸರು ದಾಖಲೆಯಲ್ಲೇ ಇರೋದಿಲ್ಲ. ಬೆನ್ನು ನೋವು ನಿಮ್ಮದು, ಹೆಸರು ಅವರದ್ದು. ಡೆಲಿವರಿ ಕೆಲಸದಲ್ಲಿರೋರು ನಿಮ್ಮಲ್ಲಿ ಯಾರಾದ್ರೂ ಇದ್ರೆ, ನೋಂದಣಿ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ. ಇ-ಶ್ರಮ್ ಕಾರ್ಡ್ ಇಲ್ಲದಿದ್ರೆ ಮಾಡಿಸಿ.

ಉಳಿದವರು, ಭಾರದ ಪಾರ್ಸಲ್ ಬಂದಾಗ ಒಂದು ಕೈ ಕೊಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.